ಅಕ್ವೇರಿಯಂ ಮತ್ತು ಮತ್ಸ್ಯಕೃಷಿ ಇಂಟರ್ನ್‌ಶಿಪ್: ಹೋಗುವ ಮೊದಲು ಶಿರಸಿಯಲ್ಲೇ ಇದ್ದು ಏನು ಕಲಿಯಬಹುದು?

ಶಿರಸಿಯ ವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ತಾಲ್ಲೂಕಿನವಳು, ಪ್ರಾಣಿಶಾಸ್ತ್ರ ತೆಗೆದುಕೊಂಡು ಬಿ.ಎಸ್‌ಸಿ. ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಏಪ್ರಿಲ್‌ ತಿಂಗಳಿನಿಂದ ಕಾರವಾರದ ಕಡೆ ಎಂಟು ವಾರಗಳ ಇಂಟರ್ನ್‌ಶಿಪ್ ಸಿಕ್ಕಿದೆ. ಮೊದಲ ನಾಲ್ಕು ವಾರ ಅಕ್ವೇರಿಯಂ ತೊಟ್ಟಿಗಳ ನಿರ್ವಹಣೆ, ಉಳಿದ ನಾಲ್ಕು ವಾರ ಮೀನುಮರಿ ಉತ್ಪಾದನೆ ಮತ್ತು ಸೀಗಡಿ ಕೊಳದ ಕೆಲಸ ಎಂದು ಪತ್ರದಲ್ಲಿ ತಿಳಿಸಿದ್ದಾರೆ. ಇನ್ನು ಹತ್ತು ವಾರಗಳ ಸಮಯವಿದೆ.

ನಮ್ಮದು ಅಡಿಕೆ ತೋಟದ ಮನೆ. ಮೀನನ್ನು ಹತ್ತಿರದಿಂದ ನೋಡಿದ್ದು ಕಾಲೇಜಿನ ಫಾರ್ಮಲಿನ್ ಬಾಟಲಿಗಳಲ್ಲಿ ಮತ್ತು ತೋಟದ ಹೊಂಡದಲ್ಲಿ ಮಾತ್ರ. ಸಮುದ್ರವನ್ನು ಗೋಕರ್ಣಕ್ಕೆ ಹೋದಾಗ ದಡದಿಂದ ನೋಡಿದ್ದೇನೆ, ಅಷ್ಟೇ. ಜೊತೆಗೆ ಬರುವ ಇಬ್ಬರು ವಿದ್ಯಾರ್ಥಿಗಳು ಕರಾವಳಿಯವರೇ ಆಗಿರುವುದರಿಂದ, ಮೊದಲ ದಿನವೇ ಏನೂ ತಿಳಿಯದವಳಂತೆ ನಿಲ್ಲಬೇಕಾದೀತೇನೋ ಎಂಬ ಅಳುಕಿದೆ. ಪುಸ್ತಕ ಓದಿಕೊಂಡು ಹೋದರೆ ಸಾಕೇ, ಅಥವಾ ಮನೆಯಲ್ಲಿ ಒಂದು ಗಾಜಿನ ತೊಟ್ಟಿ ಇಟ್ಟು ಅಭ್ಯಾಸ ಮಾಡಬೇಕೇ? ಸಿಹಿನೀರಿನ ತೊಟ್ಟಿಯಲ್ಲಿ ಕಲಿತದ್ದು ಉಪ್ಪುನೀರಿನ ಕೆಲಸಕ್ಕೆ ಬರುತ್ತದೆಯೇ? ಈಜು ಬರಲೇಬೇಕೇ? ಆಯಿಗೆ ಇರುವ ಚಿಂತೆ ಬೇರೆ: ಕೊಳದ ಕೆಲಸಕ್ಕೆ ಬೆಳಗಿನ ಜಾವ ಹೋಗಬೇಕಾಗುತ್ತದೆ ಎಂದು ಯಾರೋ ಹೇಳಿದ್ದಾರೆ. ಅದು ನಿಜವೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ತೊಟ್ಟಿ ಕಾಯುವವನು (ಕಾರವಾರ):

ತಂಗಿ, ನಾನು ಹನ್ನೊಂದು ವರ್ಷಗಳಿಂದ ಸಾರ್ವಜನಿಕ ಅಕ್ವೇರಿಯಂಗಳಲ್ಲಿ ಕೆಲಸ ಮಾಡುತ್ತಿದ್ದೇನೆ, ಪ್ರತಿ ವರ್ಷವೂ ಇಂಟರ್ನ್‌ಶಿಪ್‌ಗೆ ಬರುವವರನ್ನು ನೋಡುತ್ತಿದ್ದೇನೆ. ಮೀನುಗಳ ಲ್ಯಾಟಿನ್ ಹೆಸರುಗಳನ್ನು ಬಾಯಿಪಾಠ ಮಾಡಿಕೊಂಡು ಬಂದವರು ಬಹಳ ಮಂದಿ ಸಿಕ್ಕಿದ್ದಾರೆ. ನೀರನ್ನು ಅಳೆಯಲು ಬರುವವರು ಸಿಕ್ಕಿದ್ದು ಕಡಿಮೆ. ನಮ್ಮ ಕೆಲಸದಲ್ಲಿ ಮೀನು ಸಾಕುವುದು ಎಂದರೆ ನೀರು ಸಾಕುವುದು. ನೀರು ಸರಿಯಿದ್ದರೆ ಮೀನು ತನ್ನನ್ನು ತಾನೇ ನೋಡಿಕೊಳ್ಳುತ್ತದೆ.

ಆದ್ದರಿಂದ ತೊಟ್ಟಿ ಇಡಿ, ಆದರೆ ಮೀನು ತರಬೇಡಿ. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ಸಾಮಾನ್ಯ ತೊಟ್ಟಿ, ಒಂದು ಏರ್ ಪಂಪ್, ಒಂದು ಸ್ಪಂಜ್ ಫಿಲ್ಟರ್, ಒಂದು ಥರ್ಮಾಮೀಟರ್, ಮತ್ತು ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ ನೋಡುವ ಹನಿ ಪರೀಕ್ಷೆಯ ಕಿಟ್ ಸಾಕು. 27 ಸೆಂ.ಮೀ. ಎತ್ತರಕ್ಕೆ ನೀರು ತುಂಬಿದರೆ 48.6 ಲೀಟರ್ ಆಗುತ್ತದೆ. ಅಷ್ಟು ಭಾರ ಹೊರುವ ಗಟ್ಟಿ ಮೇಜು ನೋಡಿಕೊಳ್ಳಿ. ದಿನವೂ ಒಂದು ಚಿಟಿಕೆ ಮೀನಿನ ಆಹಾರವನ್ನು ಖಾಲಿ ತೊಟ್ಟಿಗೆ ಹಾಕಿ ಕೊಳೆಯಲು ಬಿಡಿ. ಅದರಿಂದ ಅಮೋನಿಯಾ ಹುಟ್ಟುತ್ತದೆ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾಗಳು ನೈಟ್ರೈಟ್ ಮಾಡುತ್ತವೆ, ಮತ್ತೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಮೊದಲ ಎರಡೂ ಮೀನಿಗೆ ವಿಷ, ಮೂರನೆಯದು ಅಷ್ಟಾಗಿ ಅಲ್ಲ. ಈ ಬ್ಯಾಕ್ಟೀರಿಯಾಗಳು ಸ್ಪಂಜಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಮೋನಿಯಾ ಏರಿ ಇಳಿಯುವುದನ್ನು, ಅದರ ಹಿಂದೆಯೇ ನೈಟ್ರೈಟ್ ಏರಿ ಇಳಿಯುವುದನ್ನು ನಿಮ್ಮ ಕೈಯಾರೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದಿರಾದರೆ, ಮೊದಲ ದಿನ ನಮ್ಮ ಮೇಲ್ವಿಚಾರಕರು ಹೇಳುವ ಅರ್ಧ ಮಾತು ನಿಮಗೆ ಅರ್ಥವಾಗಿರುತ್ತದೆ. ಸಿಹಿನೀರಿಗೂ ಉಪ್ಪುನೀರಿಗೂ ಈ ಚಕ್ರ ಒಂದೇ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಗಾಳಿಯಾಡಿಸಿ ಒಂದು ದಿನ ಬಿಡಿ ಅಥವಾ ಸೋಡಿಯಂ ಥಯೋಸಲ್ಫೇಟ್ ಬಳಸಿ. ಬಾವಿ ನೀರಾದರೆ ಆ ತೊಂದರೆ ಇಲ್ಲ.

ಉಪ್ಪುನೀರಿಗೆ ಹೊಸದಾಗಿ ಕಲಿಯಬೇಕಾದದ್ದು ಲವಣಾಂಶ. ತೆರೆದ ಸಮುದ್ರದ ನೀರಿನಲ್ಲಿ ಸುಮಾರು 35 ಪಿಪಿಟಿ ಉಪ್ಪಿರುತ್ತದೆ, ಅಂದರೆ ಸಾವಿರ ಗ್ರಾಂ ನೀರಿನಲ್ಲಿ 35 ಗ್ರಾಂ. ಅದನ್ನು ರಿಫ್ರಾಕ್ಟೋಮೀಟರಿನಲ್ಲಿ ನೋಡುತ್ತೇವೆ, ಮತ್ತು ನೋಡುವ ಮೊದಲು ಬಟ್ಟಿ ಇಳಿಸಿದ ನೀರಿನ ಒಂದು ಹನಿ ಹಾಕಿ ಸೊನ್ನೆಗೆ ಹೊಂದಿಸುತ್ತೇವೆ. ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳು ಮಾಡಿದ ತಪ್ಪನ್ನು ಇಲ್ಲಿ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ತೊಟ್ಟಿಯ ನೀರು ದಿನಕ್ಕೆ ಒಂದೆರಡು ಬೆರಳಿನಷ್ಟು ಇಳಿಯುತ್ತಿತ್ತು. ಸಮುದ್ರದ ತೊಟ್ಟಿಗೆ ಸಮುದ್ರದ ನೀರೇ ಹಾಕಬೇಕಲ್ಲವೇ ಎಂದು ಯೋಚಿಸಿ, ಯಾರನ್ನೂ ಕೇಳದೆ ಹತ್ತು ದಿನ ಅದನ್ನೇ ತುಂಬಿಸಿದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ ಎಂಬುದು ಹೈಸ್ಕೂಲಿನಲ್ಲೇ ಓದಿದ ವಿಷಯವಾಗಿದ್ದರೂ ಕೈಯಲ್ಲಿ ಬಕೆಟ್ ಇದ್ದಾಗ ನೆನಪಾಗಲಿಲ್ಲ. 33 ಇದ್ದ ಲವಣಾಂಶ 38ಕ್ಕೆ ಹೋದಾಗ ಮೀನುಗಳು ಮೂಲೆಯಲ್ಲಿ ನಿಂತು ಬೇಗ ಬೇಗ ಉಸಿರಾಡತೊಡಗಿದವು. ಆವಿಯಾದಷ್ಟಕ್ಕೆ ಸಿಹಿನೀರು, ತೆಗೆದು ಹಾಕಿದಷ್ಟಕ್ಕೆ ಉಪ್ಪುನೀರು; ಇದನ್ನು ಆಮೇಲೆ ನಾನು ಗೋಡೆಯ ಮೇಲೆ ಬರೆದಿಟ್ಟೆ.

ಇನ್ನು ಸಣ್ಣ ವಿಷಯಗಳು. ಕೈಗೆ ಕ್ರೀಮು, ಸೊಳ್ಳೆ ಮುಲಾಮು, ಸಾಬೂನಿನ ಅಂಶ ಇಟ್ಟುಕೊಂಡು ತೊಟ್ಟಿಗೆ ಕೈ ಹಾಕಬಾರದು. ಸೈಫನ್ ಪೈಪನ್ನು ಬಾಯಿಯಿಂದ ಎಳೆಯಬಾರದು. ಹೊಸ ಮೀನು ಬಂದರೆ ನೇರವಾಗಿ ಪ್ರದರ್ಶನದ ತೊಟ್ಟಿಗೆ ಬಿಡುವುದಿಲ್ಲ. ಪ್ರತ್ಯೇಕ ತೊಟ್ಟಿಯಲ್ಲಿಟ್ಟು ಕೆಲವು ವಾರ ಗಮನಿಸುತ್ತೇವೆ, ಆ ತೊಟ್ಟಿಯ ಬಲೆ ಮತ್ತು ಬಕೆಟ್ ಬೇರೆ ಕಡೆ ಹೋಗುವುದಿಲ್ಲ. ನಮ್ಮಲ್ಲಿ ಅವಕ್ಕೆ ಕೆಂಪು ಟೇಪು ಸುತ್ತಿರುತ್ತದೆ, ಅದನ್ನು ಗಮನಿಸದೆ ಕೈಗೆ ಸಿಕ್ಕ ಬಲೆ ಹಿಡಿಯುವ ವಿದ್ಯಾರ್ಥಿಯ ಮೇಲೆ ನನಗೆ ಮೊದಲ ವಾರವೇ ಸಿಟ್ಟು ಬರುತ್ತದೆ.

ಗಜನಿಯ ಅಂಚಿನವನು (ಕುಮಟಾ):

ಮೇಲಿನವರು ಹೇಳಿದ್ದು ಗಾಜಿನೊಳಗಿನ ಮಾತು. ಒಂದು ತೊಟ್ಟಿಯಲ್ಲಿ ಕಲಿತದ್ದರಿಂದ ಕೊಳ ಅರ್ಥವಾಗುತ್ತದೆ ಎಂದು ನಾನು ಒಪ್ಪುವುದಿಲ್ಲ. ಅಘನಾಶಿನಿಯ ಹಿನ್ನೀರಿನ ಪಕ್ಕದಲ್ಲಿ ನಮ್ಮ ಕುಟುಂಬದ ಗಜನಿ ಭೂಮಿಯಿದೆ, ಅಂದರೆ ಉಬ್ಬರದ ಉಪ್ಪುನೀರು ಬರುವ ತಗ್ಗು ಗದ್ದೆ. ಅಜ್ಜನ ಕಾಲದಲ್ಲಿ ಮಳೆಗಾಲಕ್ಕೆ ಉಪ್ಪು ತಡೆಯುವ ಕಗ್ಗ ಭತ್ತ, ಕೊಯ್ಲು ಮುಗಿದ ಮೇಲೆ ತೂಬು ತೆರೆದು ಉಬ್ಬರದ ನೀರಿನೊಂದಿಗೆ ಬಂದ ಶೆಟ್ಲಿ (ಸೀಗಡಿ), ಮೀನು. ಈಗ ಒಂದು ಭಾಗದಲ್ಲಿ ವನ್ನಾಮಿ ಸೀಗಡಿ ಸಾಕುತ್ತೇವೆ. ಈ ತಳಿ ನಮ್ಮ ಸಮುದ್ರದ್ದಲ್ಲ, ಪೆಸಿಫಿಕ್ ಕಡೆಯದು. 2009ರಲ್ಲಿ ಭಾರತದಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ನೀವು ಹೋಗುವ ಕೊಳದಲ್ಲಿಯೂ ಇದೇ ಇರುವ ಸಾಧ್ಯತೆ ಹೆಚ್ಚು.

ಬೆಳಗಿನ ಜಾವದ ವಿಷಯ ನಿಜ, ಮತ್ತು ಅದಕ್ಕೆ ಕಾರಣವಿದೆ. ಹಗಲಿನಲ್ಲಿ ನೀರಿನೊಳಗಿನ ಪಾಚಿ ಆಮ್ಲಜನಕ ಬಿಡುತ್ತದೆ. ರಾತ್ರಿ ಪಾಚಿ, ಸೀಗಡಿ, ತಳದ ಕೆಸರು ಎಲ್ಲವೂ ಅದನ್ನು ಬಳಸುತ್ತವೆ. ಹೀಗಾಗಿ ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ ಕೊಳದಲ್ಲಿ ಆಮ್ಲಜನಕ ಅತ್ಯಂತ ಕಡಿಮೆ. ಸಂಜೆ ನಾಲ್ಕಕ್ಕೆ ಅಳೆದು ಎಲ್ಲ ಚೆನ್ನಾಗಿದೆ ಎಂದು ಬರೆದುಕೊಂಡು ಹೋದವನ ಕೊಳವೇ ಬೆಳಗ್ಗೆ ಐದಕ್ಕೆ ಸತ್ತಿರುತ್ತದೆ. ಟಾರ್ಚ್ ಹಿಡಿದು ಒಡ್ಡಿನ ಮೇಲೆ ನಡೆದರೆ ನೀರಿನಲ್ಲಿ ಸೀಗಡಿಯ ಕಣ್ಣುಗಳು ಕೆಂಪಗೆ ಹೊಳೆಯುತ್ತವೆ. ಅವು ಕೊಳದ ತುಂಬ ಹರಡಿದ್ದರೆ ಚಿಂತೆಯಿಲ್ಲ. ಅಂಚಿಗೆ ಬಂದು ಒತ್ತೊತ್ತಾಗಿ ನಿಂತಿದ್ದರೆ, ಮೀಟರ್ ತರಲು ಓಡುವ ಮೊದಲು ನೀರಿಗೆ ಗಾಳಿ ಬೆರೆಸುವ ಪ್ಯಾಡಲ್ ವೀಲ್ ಏರೇಟರಿನ ಸ್ವಿಚ್ ಹಾಕಬೇಕು. ಆಯಿಗೆ ಹೇಳಿ, ಒಬ್ಬಂಟಿಯಾಗಿ ಯಾರೂ ಕಳುಹಿಸುವುದಿಲ್ಲ. ಕಳುಹಿಸಿದರೆ ಬರುವುದಿಲ್ಲ ಎಂದು ಹೇಳುವ ಹಕ್ಕು ನಿಮಗಿದೆ.

ಕಲಿಯಬೇಕಾದ ಇನ್ನೊಂದು ವಸ್ತು ಚೆಕ್ ಟ್ರೇ. ಆಹಾರ ಹಾಕುವಾಗ ಅದರಲ್ಲಿ ಸ್ವಲ್ಪವನ್ನು ಬಲೆಯ ತಟ್ಟೆಯಲ್ಲಿಟ್ಟು ತಳಕ್ಕೆ ಇಳಿಸಿ, ಸುಮಾರು ಎರಡು ಗಂಟೆ ಬಿಟ್ಟು ಎತ್ತಿ ನೋಡುತ್ತೇವೆ. ಆಹಾರ ಉಳಿದಿದೆಯೇ, ಸೀಗಡಿಯ ಬೆನ್ನಿನುದ್ದಕ್ಕೂ ಕಾಣುವ ಕರುಳಿನ ಗೆರೆ ತುಂಬಿದೆಯೇ ಅಥವಾ ತುಂಡು ತುಂಡಾಗಿದೆಯೇ, ಮೈ ಗಟ್ಟಿಯಿದೆಯೇ ಎಂಬುದೆಲ್ಲ ಆ ಒಂದು ತಟ್ಟೆಯಲ್ಲಿ ಗೊತ್ತಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಹೆಚ್ಚು ಸೀಗಡಿಗಳು ಪೊರೆ ಕಳಚುತ್ತವೆ ಎಂಬುದು ನಮ್ಮ ಕಡೆಯ ರೈತರ ಅನುಭವ. ಆ ದಿನಗಳಲ್ಲಿ ಆಹಾರ ಕಡಿಮೆ ಮಾಡುತ್ತೇವೆ. ಉಳಿದ ಆಹಾರವೇ ತಳದಲ್ಲಿ ಕೊಳೆತು ಮೇಲಿನವರು ಹೇಳಿದ ಅಮೋನಿಯಾ ಆಗುವುದು. ಅಷ್ಟರ ಮಟ್ಟಿಗೆ ಅವರ ತೊಟ್ಟಿಗೂ ನನ್ನ ಕೊಳಕ್ಕೂ ಸಂಬಂಧವಿದೆ ಎಂದು ಒಪ್ಪುತ್ತೇನೆ.

ಮನೆಯಲ್ಲಿ ಕುಳಿತು ಮಾಡಬಹುದಾದದ್ದು ಲೆಕ್ಕ. ಒಂದು ಸಾವಿರ ಲೀಟರ್ ನೀರಿಗೆ ಒಂದು ಗ್ರಾಂ ಹಾಕಿದರೆ ಒಂದು ಪಿಪಿಎಂ, ಇದನ್ನು ನಿದ್ದೆಯಲ್ಲಿ ಕೇಳಿದರೂ ಹೇಳುವಂತಿರಬೇಕು. ಉದಾಹರಣೆಗೆ, ಐದು ಸಾವಿರ ಲೀಟರಿನ ತೊಟ್ಟಿಯನ್ನು 10 ಪಿಪಿಎಂ ಕ್ಲೋರಿನ್‌ನಿಂದ ಶುದ್ಧ ಮಾಡಬೇಕು, ಕೈಯಲ್ಲಿರುವ ಬ್ಲೀಚಿಂಗ್ ಪೌಡರಿನಲ್ಲಿ ಕ್ಲೋರಿನ್ ಶೇ. 30 ಇದೆ ಎನ್ನಿ. ಬೇಕಾದ ಕ್ಲೋರಿನ್ 50 ಗ್ರಾಂ, ಹಾಕಬೇಕಾದ ಪೌಡರ್ ಸುಮಾರು 167 ಗ್ರಾಂ. ಇನ್ನೊಂದು: 35 ಪಿಪಿಟಿಯ ಸಮುದ್ರದ ನೀರಿನಿಂದ 15 ಪಿಪಿಟಿಯ ಸಾವಿರ ಲೀಟರ್ ನೀರು ಮಾಡಲು ಎಷ್ಟು ಸಮುದ್ರದ ನೀರು ಬೇಕು? ಉತ್ತರ ಸುಮಾರು 429 ಲೀಟರ್, ಉಳಿದದ್ದು ಸಿಹಿನೀರು. ದಿನಕ್ಕೆ ಇಂಥ ಐದು ಲೆಕ್ಕ ಮಾಡಿ. ಕಳೆದ ವರ್ಷ ಒಂದು ಕಡೆ ವಿದ್ಯಾರ್ಥಿಯೊಬ್ಬ ದಶಮಾಂಶದ ಚುಕ್ಕೆಯನ್ನು ಒಂದು ಮನೆ ಆಚೆ ಇಟ್ಟು ಇಡೀ ತೊಟ್ಟಿಯ ಮರಿಗಳನ್ನು ಕಳೆದದ್ದನ್ನು ನಾನು ಕಂಡಿದ್ದೇನೆ.

ಕೋಡಿಬಾಗದ ಹಳೆಯ ವಿದ್ಯಾರ್ಥಿನಿ:

ನಾನು ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗದಲ್ಲಿ ಎಂ.ಎಸ್‌ಸಿ. ಮಾಡಿದವಳು, ನಂತರ ಕೆಲವು ವರ್ಷ ಮೀನುಮರಿ ಉತ್ಪಾದನಾ ಕೇಂದ್ರವೊಂದರಲ್ಲಿ ಕೆಲಸ ಮಾಡಿದೆ. ನಾನೂ ಘಟ್ಟದ ಮೇಲಿನವಳೇ, ಮನೆಯಲ್ಲಿ ಮೀನು ಬೇಯಿಸದವರೇ. ವಾಸನೆಗೆ ಒಂದು ವಾರದಲ್ಲಿ ಮೂಗು ಒಗ್ಗುತ್ತದೆ. ಸತ್ತ ಮೀನಿನ ಕಿವಿರು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವುದಕ್ಕೆ ಮನಸ್ಸು ಒಗ್ಗಲು ಇನ್ನೂ ಸ್ವಲ್ಪ ದಿನ ಬೇಕಾಯಿತು. ಅದನ್ನು ಮಾಡಲು ಕಷ್ಟವಾದರೆ ಮೊದಲೇ ಹೇಳಿ, ಯಾರೂ ನಗುವುದಿಲ್ಲ.

ಇಲ್ಲಿ ಇಬ್ಬರೂ ಮರಿಗಳ ಊಟದ ವಿಷಯ ಬಿಟ್ಟಿದ್ದಾರೆ. ಆಗತಾನೇ ಮೊಟ್ಟೆಯೊಡೆದ ಸಮುದ್ರ ಮೀನಿನ ಮರಿಯ ಬಾಯಿ ಎಷ್ಟು ಸಣ್ಣದೆಂದರೆ ಯಾವ ಪುಡಿ ಆಹಾರವೂ ಅದಕ್ಕೆ ಹಿಡಿಸುವುದಿಲ್ಲ, ಮತ್ತು ಅಲುಗಾಡದ್ದನ್ನು ಅದು ಆಹಾರವೆಂದು ಗುರುತಿಸುವುದೂ ಇಲ್ಲ. ಆದ್ದರಿಂದ ಮೊದಲು ಸೂಕ್ಷ್ಮ ಪಾಚಿ ಬೆಳೆಸಬೇಕು, ಆ ಪಾಚಿ ತಿನ್ನಿಸಿ ರೋಟಿಫರ್ ಎಂಬ ಸೂಕ್ಷ್ಮ ಜೀವಿ ಬೆಳೆಸಬೇಕು, ಅದನ್ನು ಮರಿಗೆ ಕೊಡಬೇಕು. ಮರಿ ಸ್ವಲ್ಪ ದೊಡ್ಡದಾದ ಮೇಲೆ ಆರ್ಟೀಮಿಯಾ, ಅಂದರೆ ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿಯ ಮರಿ. ಈ ಸರಪಣಿಯಲ್ಲಿ ಪಾಚಿಯ ಫ್ಲಾಸ್ಕ್ ಕೆಟ್ಟರೆ ಮೂರು ದಿನದ ನಂತರ ಮರಿಗಳು ಉಪವಾಸ. ಹಾಗಾಗಿ ಮೀನುಮರಿ ಕೇಂದ್ರದಲ್ಲಿ ನಿಮ್ಮ ಹೆಚ್ಚಿನ ಸಮಯ ಮೀನಿನ ಜೊತೆಗಲ್ಲ, ಹಸಿರು ನೀರಿನ ಪಾತ್ರೆ ತೊಳೆಯುವುದರಲ್ಲಿ ಕಳೆಯುತ್ತದೆ. ಬೇಸರಪಡಬೇಡಿ.

ಆರ್ಟೀಮಿಯಾ ಒಡೆಸುವುದನ್ನು ಶಿರಸಿಯಲ್ಲೇ ಕಲಿಯಬಹುದು. ಒಣಗಿದ ಮೊಟ್ಟೆಗಳು ಅಕ್ವೇರಿಯಂ ಅಂಗಡಿಗಳಲ್ಲಿ ಸಣ್ಣ ಡಬ್ಬಿಯಲ್ಲಿ ಸಿಗುತ್ತವೆ, ನೋಡಲು ಕಂದು ಬಣ್ಣದ ಪುಡಿಯಂತಿರುತ್ತವೆ. ಒಂದು ನೀರಿನ ಬಾಟಲಿಯ ತಳ ಕತ್ತರಿಸಿ ತಲೆಕೆಳಗಾಗಿ ನಿಲ್ಲಿಸಿ, ಲೀಟರಿಗೆ 25ರಿಂದ 30 ಗ್ರಾಂ ಉಪ್ಪು ಕರಗಿಸಿ, ಒಂದು ಗ್ರಾಂ ಮೊಟ್ಟೆ ಹಾಕಿ, ಕೆಳಗಿನಿಂದ ಜೋರಾಗಿ ಗಾಳಿ ಬಿಡಿ. ಬೆಳಕು ಬೇಕು, 28 ಡಿಗ್ರಿಯಷ್ಟು ಬಿಸಿ ಬೇಕು. ಜನವರಿಯ ಶಿರಸಿಯ ಚಳಿಗೆ ಬಾಟಲಿಯ ಪಕ್ಕ ಒಂದು ಹಳೆಯ ಬಲ್ಬ್ ಉರಿಸಿಡಿ. ಸುಮಾರು 24 ಗಂಟೆಯ ನಂತರ ಗಾಳಿ ನಿಲ್ಲಿಸಿ ಹತ್ತು ನಿಮಿಷ ಕಾಯಿರಿ. ಖಾಲಿ ಚಿಪ್ಪುಗಳು ಮೇಲೆ ತೇಲುತ್ತವೆ, ಒಡೆಯದ ಮೊಟ್ಟೆಗಳು ತೀರ ತಳದಲ್ಲಿ ಕೂರುತ್ತವೆ, ಕೆಳಭಾಗಕ್ಕೆ ಟಾರ್ಚ್ ಹಿಡಿದರೆ ಕಿತ್ತಳೆ ಬಣ್ಣದ ಮರಿಗಳು ಮೋಡದಂತೆ ಬೆಳಕಿನತ್ತ ಇಳಿದು ಬರುತ್ತವೆ. ಮೊದಲು ತಳದ ಸ್ವಲ್ಪ ನೀರನ್ನು ಚೆಲ್ಲಿ, ನಂತರ ಆ ಕಿತ್ತಳೆ ಮೋಡವನ್ನು ಮಾತ್ರ ಸಣ್ಣ ಜರಡಿಯಲ್ಲಿ ಹಿಡಿದು ತೊಳೆಯಬೇಕು. ಚಿಪ್ಪು ಬೆರೆತರೆ ಮೀನುಮರಿಯ ಕರುಳು ಕಟ್ಟಿಕೊಳ್ಳುತ್ತದೆ. ನನ್ನ ಮೊದಲ ನಾಲ್ಕು ಪ್ರಯತ್ನಗಳಲ್ಲಿ ಅರ್ಧಕ್ಕರ್ಧ ಚಿಪ್ಪೇ ಇತ್ತು.

ಓದುವುದಾದರೆ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಕಟಣೆಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಅವರ ಕಾರವಾರದ ಕೇಂದ್ರ ಸಮುದ್ರದ ಪಂಜರಗಳಲ್ಲಿ ಕೋಬಿಯಾ, ಏಷ್ಯನ್ ಸೀಬಾಸ್ ಮೀನು ಸಾಕುವ ಕೆಲಸ ಮಾಡಿದೆ. ಆ ವರದಿಗಳನ್ನು ಓದಿಕೊಂಡರೆ ಈ ಕರಾವಳಿಯ ಪರಿಸ್ಥಿತಿ ತಿಳಿಯುತ್ತದೆ. ಪಂಜರ ನೋಡಲು ದೋಣಿಯಲ್ಲಿ ಕರೆದೊಯ್ಯುವ ಸಂಭವವಿದೆ. ಈಜು ಬಾರದಿದ್ದರೆ ಅದನ್ನು ಮೊದಲೇ ಅವರಿಗೆ ಬರೆದು ತಿಳಿಸಿ, ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ. ಟಿಟಿ ಚುಚ್ಚುಮದ್ದು ಹಾಕಿಸಿಕೊಳ್ಳಿ, ಕೈಗೆ ಗಾಯವಿದ್ದಾಗ ಕೈಗವಸು ಇಲ್ಲದೆ ನೀರು ಮುಟ್ಟಬೇಡಿ. ಬೆಚ್ಚನೆಯ ಉಪ್ಪುನೀರಿನ ವಿಬ್ರಿಯೋ ಬ್ಯಾಕ್ಟೀರಿಯಾ ಸೀಗಡಿಗೆ ಮಾತ್ರವಲ್ಲ, ಮನುಷ್ಯರ ಗಾಯಕ್ಕೂ ಅಪಾಯ. ನೆನಪಿಗೆಂದು ಹವಳದ ತುಂಡು, ಸಮುದ್ರಕುದುರೆ ಏನನ್ನೂ ತರಬೇಡಿ. ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತವಾಗಿವೆ, ಒಣಗಿದ್ದಾದರೂ ಅಪರಾಧವೇ.

ಶಿರಸಿಯ ವಿದ್ಯಾರ್ಥಿನಿ (ಐದು ವಾರಗಳ ನಂತರ):

ಮೂವರಿಗೂ ಧನ್ಯವಾದಗಳು. ಮೀನಿಲ್ಲದ ತೊಟ್ಟಿಯನ್ನು ಜಗುಲಿಯಲ್ಲಿಟ್ಟು, ಬಾವಿಯ ನೀರು ತುಂಬಿಸಿ, ದಿನವೂ ಅಳೆದು ಬರೆಯುತ್ತಿದ್ದೇನೆ. ನೋಡಲು ಬಂದವರೆಲ್ಲ ಮೀನೆಲ್ಲಿ ಎಂದು ಕೇಳುತ್ತಾರೆ. ಆದರೆ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಎರಡನೆಯ ವಾರ ಅಮೋನಿಯಾ 3 ಪಿಪಿಎಂವರೆಗೆ ಏರಿತು, ಮೂರನೆಯ ವಾರ ನೈಟ್ರೈಟ್ ಕಾಣಿಸಿಕೊಂಡಿತು. ಅಲ್ಲಿಂದ ಮುಂದೆ ಏನೂ ಚಲಿಸುತ್ತಿಲ್ಲ. ಅಮೋನಿಯಾ 1.5ರಲ್ಲೇ ನಿಂತಿದೆ. ಮೊದಲ ದಿನ 6.8 ಇದ್ದ ಪಿಎಚ್ ಈಗ 6ಕ್ಕೆ ಬಂದಿದೆ. ಆರ್ಟೀಮಿಯಾ ಮೂರನೆಯ ಸಲ ಚೆನ್ನಾಗಿ ಬಂತು.

ತೊಟ್ಟಿ ಕಾಯುವವನು (ಕಾರವಾರ):

ತಂಗಿ, ನಿಮ್ಮ ಲೆಕ್ಕ ಸರಿಯಿದೆ, ನೀರು ತೆಳು. ಘಟ್ಟದ ಕೆಂಪು ಕಲ್ಲಿನ ನೆಲದ ಬಾವಿ ನೀರಿನಲ್ಲಿ ಕ್ಷಾರತೆ, ಅಂದರೆ ಹುಳಿಯನ್ನು ತಡೆದುಕೊಳ್ಳುವ ಶಕ್ತಿ, ಬಹಳ ಕಡಿಮೆ ಇರುತ್ತದೆ, ಇದನ್ನು ನಾನು ಮೊದಲೇ ಹೇಳಬೇಕಿತ್ತು. ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ಬ್ಯಾಕ್ಟೀರಿಯಾಗಳು ಕ್ಷಾರತೆಯನ್ನು ಬಳಸುತ್ತವೆ: ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕಕ್ಕೆ ಸುಮಾರು ಏಳು ಮಿಲಿಗ್ರಾಂ. ಕ್ಷಾರತೆ ಮುಗಿದ ಮೇಲೆ ಪಿಎಚ್ ಕುಸಿಯುತ್ತದೆ, ಪಿಎಚ್ ಕುಸಿದರೆ ಬ್ಯಾಕ್ಟೀರಿಯಾಗಳು ಕೆಲಸ ನಿಲ್ಲಿಸುತ್ತವೆ. ನಿಮ್ಮ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಮಿಥೈಲ್ ಆರೆಂಜ್ ಹಾಕಿ ದುರ್ಬಲ ಸಲ್ಫ್ಯೂರಿಕ್ ಆಮ್ಲದಿಂದ ಟೈಟ್ರೇಶನ್ ಮಾಡಿ, ಬಾವಿ ನೀರು ಮತ್ತು ತೊಟ್ಟಿಯ ನೀರು ಎರಡರ ಕ್ಷಾರತೆಯನ್ನೂ ನೋಡಿ.

ಶಿರಸಿಯ ವಿದ್ಯಾರ್ಥಿನಿ:

ನೋಡಿದೆ. ಬಾವಿ ನೀರಿನಲ್ಲಿ ಲೀಟರಿಗೆ 20 ಮಿ.ಗ್ರಾಂ. ತೊಟ್ಟಿಯಲ್ಲಿ 4.

ಗಜನಿಯ ಅಂಚಿನವನು (ಕುಮಟಾ):

ಇದಕ್ಕೆ ಔಷಧ ನಮ್ಮ ಹೊಳೆಯಲ್ಲಿದೆ. ಅಘನಾಶಿನಿಯ ಚಿಪ್ಪನ್ನು ಸುಟ್ಟು ಸುಣ್ಣ ಮಾಡುತ್ತಿದ್ದವರು ನಾವು. ಕೊಳದ ಮಣ್ಣು ಹುಳಿಯಾದರೆ ಈಗಲೂ ಸುಣ್ಣವನ್ನೇ ಹಾಕುತ್ತೇವೆ. ನಿಮ್ಮ ತೊಟ್ಟಿಗೆ ಸುಣ್ಣ ಬೇಡ, ಒಮ್ಮೆಲೇ ಪಿಎಚ್ ಜಿಗಿಯುತ್ತದೆ. ಕುಮಟಾಕ್ಕೆ ಬರುವವರ ಕೈಯಲ್ಲಿ ಹಳೆಯ, ಬಿಸಿಲಿಗೆ ಬೆಳ್ಳಗಾದ ಬೆಳಚಿನ ಚಿಪ್ಪು ತರಿಸಿ. ಮಾಂಸ ಅಂಟಿಕೊಂಡಿರುವ ಹೊಸ ಚಿಪ್ಪು ತಂದರೆ ಅದು ಕೊಳೆತು ಅಮೋನಿಯಾ ಇನ್ನೂ ಹೆಚ್ಚುತ್ತದೆ. ಕುದಿಸಿ, ಕುಟ್ಟಿ ಚೂರು ಮಾಡಿ, ಎರಡು ಹಿಡಿಯಷ್ಟನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಗಾಳಿಯ ಗುಳ್ಳೆ ಏಳುವ ಜಾಗದಲ್ಲಿ ಇಡಿ. ನೀರು ಹುಳಿಯಿದ್ದಷ್ಟೂ ಚಿಪ್ಪು ಕರಗುತ್ತದೆ, ಸರಿಯಾದ ಮೇಲೆ ಕರಗುವುದು ತಾನಾಗಿ ನಿಧಾನವಾಗುತ್ತದೆ.

ತೊಟ್ಟಿ ಕಾಯುವವನು (ಕಾರವಾರ):

ಚಿಪ್ಪು ಸರಿಯಾದ ಉಪಾಯ. ಒಂದು ಎಚ್ಚರಿಕೆ ಮಾತ್ರ: ಪಿಎಚ್ 6ರಲ್ಲಿ ಆ 1.5 ಅಮೋನಿಯಾ ಬಹುಪಾಲು ವಿಷವಲ್ಲದ ರೂಪದಲ್ಲಿರುತ್ತದೆ; ಪಿಎಚ್ ಒಂದು ಅಂಕಿ ಏರಿದರೆ ವಿಷದ ಭಾಗ ಸುಮಾರು ಹತ್ತು ಪಟ್ಟು ಆಗುತ್ತದೆ. ತೊಟ್ಟಿಯಲ್ಲಿ ಮೀನಿಲ್ಲದ್ದರಿಂದ ಈಗ ತೊಂದರೆಯಿಲ್ಲ. ಮೀನಿರುವ ತೊಟ್ಟಿಯಲ್ಲಿ ಮೊದಲು ನೀರು ಬದಲಿಸಿ ಅಮೋನಿಯಾ ಇಳಿಸಿ, ನಂತರ ಚಿಪ್ಪು ಹಾಕಬೇಕು.

ಶಿರಸಿಯ ವಿದ್ಯಾರ್ಥಿನಿ (ಹನ್ನೆರಡು ದಿನಗಳ ನಂತರ):

ಪಿಎಚ್ 7.2. ಅಮೋನಿಯಾ 0.25, ನೈಟ್ರೈಟ್ ಇಳಿಯುತ್ತಿದೆ. ಮೊನ್ನೆ ಎರಡು ದಿನ ನಾನು ಹುಬ್ಬಳ್ಳಿಗೆ ಹೋಗಿದ್ದಾಗ ನೋಟ್‌ಬುಕ್ಕಿನಲ್ಲಿ ಆಯಿ ಬರೆದಿದ್ದಾಳೆ: "ಬೆಳಗ್ಗೆ ಆರು ಗಂಟೆ, 22 ಡಿಗ್ರಿ. ಗುಳ್ಳೆ ನಿನ್ನೆಗಿಂತ ಕಡಿಮೆ ಬರುತ್ತಿದೆ, ಮೋಟಾರಿನ ಶಬ್ದ ದಪ್ಪವಾಗಿದೆ." ಇದಕ್ಕೆ ಏನು ಮಾಡಬೇಕು?

ತೊಟ್ಟಿ ಕಾಯುವವನು (ಕಾರವಾರ):

ಗಾಳಿಯ ಪೈಪೋ ಸ್ಪಂಜೋ ಕಟ್ಟಿಕೊಂಡಿರಬೇಕು. ಪೈಪನ್ನು ಬಿಚ್ಚಿ ನೋಡಿ. ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ಒಂದು ಬಕೆಟ್ ನೀರಿನಲ್ಲಿ ಎರಡು ಸಲ ಹಿಂಡಿ ಮತ್ತೆ ಹಾಕಿ, ನಲ್ಲಿಯ ಕೆಳಗೆ ತೊಳೆಯಬೇಡಿ. ಆಯಿಗೆ ನನ್ನ ನಮಸ್ಕಾರ ತಿಳಿಸಿ. ಶಬ್ದ ದಪ್ಪವಾಗಿದೆ ಎಂದು ಬರೆದುಕೊಡುವ ಇಂಟರ್ನ್ ನನಗೆ ಈವರೆಗೆ ಒಬ್ಬರೂ ಸಿಕ್ಕಿಲ್ಲ.